ಎಚ್-4ನಲ್ಲಿ ಬರೋ ಹೆಂಡತಿಗೆ ಟೆಕ್ಸಸ್‌ನಲ್ಲಿ ಐಡಿ, ಲೈಸೆನ್ಸ್, ಐಟಿಐಎನ್: ಯಾವುದು ಮೊದಲು?

ಸಂಪಿಗೆರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೆಂಡತಿಗೆ ಎಚ್-4 (ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಕೊಡೋ ವೀಸಾ) ಸ್ಟಾಂಪಿಂಗ್ ಆಗಿದೆ, ಮುಂದಿನ ತಿಂಗಳು ಬೆಂಗಳೂರಿಂದ ಡಲ್ಲಾಸ್‌ಗೆ ಬರ್ತಿದ್ದಾಳೆ. ನಾನು ಎಚ್-1ಬಿ (ಕೆಲಸದ ವೀಸಾ), ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ) ಇನ್ನೂ ಫೈಲ್ ಆಗಿಲ್ಲ. ಮನೆ ಪ್ಲೇನೋದಲ್ಲಿ. ಲೀಸ್, ಕರೆಂಟು, ಇಂಟರ್‌ನೆಟ್ಟು ಎಲ್ಲಾ ನನ್ನ ಹೆಸರಲ್ಲೇ ಇದೆ.

ಇಲ್ಲಿ ಯಾವ ಕಾರ್ಡಿಗೆ ಹೋದ್ರೂ ಇನ್ನೊಂದು ಕಾರ್ಡ್ ಕೇಳ್ತಾರೆ ಅನ್ನೋದು ಗೊತ್ತು. ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಎಚ್-4ಗೆ ಸಿಗಲ್ಲ ಅಂತಾರೆ. ಹಾಗಾದ್ರೆ ಲೈಸೆನ್ಸ್ ಹೇಗೆ? ಅವಳಿಗೆ ಊರಲ್ಲಿ ಲೈಸೆನ್ಸ್ ಇದೆ, ಕಾರು ಓಡಿಸ್ತಾಳೆ. ಅವಳ ಹೆಸರಲ್ಲಿ ವಿಳಾಸದ ಪುರಾವೆ ಒಂದೂ ಇಲ್ಲ. ಟ್ಯಾಕ್ಸ್ ಜಾಯಿಂಟ್ ಫೈಲ್ ಮಾಡೋಕೆ ಐಟಿಐಎನ್ (ಎಸ್‌ಎಸ್‌ಎನ್ ಇಲ್ಲದವರಿಗೆ ಐಆರ್‌ಎಸ್, ಅಂದ್ರೆ ತೆರಿಗೆ ಇಲಾಖೆ ಕೊಡೋ ಟ್ಯಾಕ್ಸ್ ನಂಬರ್) ಈಗಲೇ ಅಪ್ಲೈ ಮಾಡಬೇಕಾ? ಇನ್ನೊಂದು ತಲೆನೋವು: ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಪೂರ್ತಿ ಹೆಸರು ಗಿವನ್ ನೇಮ್‌ನಲ್ಲೇ ಇದೆ. ವೀಸಾದಲ್ಲಿ ಎಫ್‌ಎನ್‌ಯು ಅಂತ ಬಂದಿದೆ. ಹೊರಡೋ ಮೊದಲು ಪಾಸ್‌ಪೋರ್ಟ್ ಸರಿ ಮಾಡಿಸಬೇಕಾ?

ಊರಿಂದ ಏನೇನು ಕಾಗದ ತರಬೇಕು ಅನ್ನೋದನ್ನೂ ಹೇಳಿ.

ಡಿಎಫ್‌ಡಬ್ಲ್ಯು_ಕನ್ನಡಿಗ

ಐ-94ರಿಂದ (ದೇಶದೊಳಗೆ ಬಂದದ್ದರ ದಾಖಲೆ) ಶುರು ಮಾಡಿ. ಮಿಕ್ಕಿದ್ದೆಲ್ಲಾ ಅದರ ಮೇಲೆ ನಿಲ್ಲುತ್ತೆ. ವೀಸಾ ಸ್ಟಾಂಪ್ ಬರೀ ಬಾಗಿಲು ದಾಟೋಕೆ. ಒಳಗೆ ಬಂದಮೇಲೆ ಎಷ್ಟು ದಿನ, ಯಾವ ಸ್ಟೇಟಸ್, ಯಾವ ಹೆಸರು ಅಂತ ಎಲ್ಲ ಕಚೇರಿಗಳೂ ನೋಡೋದು ಐ-94. ವಿಮಾನದಲ್ಲಿ ಬಂದವರಿಗೆ ಅದು ಕಾಗದದಲ್ಲಿ ಸಿಗಲ್ಲ. ಇಳಿದ ಮರುದಿನ ಸಿಬಿಪಿಯ (ಗಡಿ ತಪಾಸಣೆ ಇಲಾಖೆ) ಐ-94 ಜಾಲತಾಣದಿಂದ ಇಳಿಸಿಕೊಳ್ಳಿ. ಐದು ವಿಷಯ ನೋಡಿ: ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ನಂಬರ್, ಕ್ಲಾಸ್ ಆಫ್ ಅಡ್ಮಿಷನ್ ಎಚ್-4 ಅಂತ ಇದೆಯಾ, ಅಡ್ಮಿಟ್ ಅಂಟಿಲ್ ದಿನಾಂಕ ನಿಮ್ಮ ಐ-797ಕ್ಕೆ (ಎಚ್-1ಬಿ ಮಂಜೂರಾತಿ ಪತ್ರ) ಹೊಂದುತ್ತಾ.

ದಿನಾಂಕ ಚಿಕ್ಕದಾಗಿ ಬಂದಿದ್ರೆ ಮೊದಲು ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತೆ ನೋಡಿ. ಪಾಸ್‌ಪೋರ್ಟ್ ಬೇಗ ಮುಗಿಯೋದಾದ್ರೆ ಅಧಿಕಾರಿ ಅಲ್ಲಿಗೇ ನಿಲ್ಲಿಸಿರ್ತಾರೆ, ಅದು ತಪ್ಪಲ್ಲ, ತಿದ್ದಿಕೊಡಿ ಅಂದ್ರೂ ಸಾಮಾನ್ಯವಾಗಿ ತಿದ್ದಲ್ಲ. ಆಗ ಪಾಸ್‌ಪೋರ್ಟ್ ನವೀಕರಿಸಿ ಐ-539 (ಅವಧಿ ವಿಸ್ತರಿಸೋ ಅರ್ಜಿ) ಹಾಕಬೇಕು, ಇಲ್ಲಾ ಹೊರಗೆ ಹೋಗಿ ಮತ್ತೆ ಬರಬೇಕು. ಸ್ಪೆಲಿಂಗ್, ಹುಟ್ಟಿದ ದಿನ, ಸ್ಟೇಟಸ್ ತಪ್ಪಿದ್ರೆ ಅದು ಸಿಬಿಪಿಯ ತಪ್ಪು. ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯಲ್ಲಿ ಸರಿ ಮಾಡ್ತಾರೆ, ಫೀಸಿಲ್ಲ. ಇದನ್ನ ಸರಿ ಮಾಡಿಸದೆ ಡಿಪಿಎಸ್ (ಲೈಸೆನ್ಸ್ ಕೊಡೋ ರಾಜ್ಯ ಇಲಾಖೆ) ಕ್ಯೂನಲ್ಲಿ ನಿಲ್ಲೋದು ವ್ಯರ್ಥ. ಪ್ರಿಂಟ್ ತೆಗೆದು ಒಂದು ಪ್ರತಿ ಅವರ ಪರ್ಸಿನಲ್ಲೇ ಇರಲಿ: 18 ದಾಟಿದ ವಿದೇಶಿಯರು ನೋಂದಣಿಯ ಪುರಾವೆ ಜೊತೆಗಿಟ್ಟುಕೊಳ್ಳಬೇಕು ಅನ್ನೋ ಹಳೇ ಕಾನೂನಿಗೆ 2025ರಿಂದ ಮತ್ತೆ ಬಿಗಿ ಬಂದಿದೆ, ಆ ಪುರಾವೆಗಳಲ್ಲಿ ಐ-94 ಒಂದು.

ಆಮೇಲೆ ವಿಳಾಸ. ಟೆಕ್ಸಸ್‌ನಲ್ಲಿ ಲೈಸೆನ್ಸ್ ಕೊಡೋದು ಡಿಪಿಎಸ್. ಡಿಎಂವಿ ಅನ್ನೋದು ಇಲ್ಲಿ ಗಾಡಿ ನೋಂದಣಿಗೆ ಮಾತ್ರ. ಬೇರೆ ರಾಜ್ಯದ ಸ್ನೇಹಿತರ ಮಾತು ಕೇಳಿ ಅಲ್ಲಿಗೆ ಹೋಗೋರು ಸುಮಾರು ಜನ. ಡಿಪಿಎಸ್ ಕೇಳೋದು ಎರಡು ವಿಳಾಸದ ಪುರಾವೆ, ಎರಡೂ ಬೇರೆ ಬೇರೆ ಮೂಲದವು. ಒಂದೇ ಬ್ಯಾಂಕಿನ ಅಕೌಂಟ್ ಸ್ಟೇಟ್‌ಮೆಂಟೂ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟೂ ಕೊಟ್ರೆ ಒಂದು ಅಂತಲೇ ಲೆಕ್ಕ. ಮೇಲಾಗಿ, ಬೇರೆ ರಾಜ್ಯದ ಲೈಸೆನ್ಸ್ ಒಪ್ಪಿಸದೆ ಹೊಸದಾಗಿ ಕೇಳೋರು ಟೆಕ್ಸಸ್‌ನಲ್ಲಿ 30 ದಿನ ಇದ್ದಿರಬೇಕು. ಬಂದ ವಾರವೇ ಓಡಬೇಡಿ. ಅಪಾಯಿಂಟ್‌ಮೆಂಟ್ ಮಾತ್ರ ಈಗಲೇ ತಗೊಳ್ಳಿ, ದಿನಾಂಕ ಅವರು ಬಂದ 30 ದಿನದ ಆಚೆಗಿರಲಿ.

ಆ 30 ದಿನದಲ್ಲಿ ಅವರ ಹೆಸರನ್ನ ಕಾಗದಕ್ಕೆ ತರೋದು ಹೀಗೆ. ಅಪಾರ್ಟ್‌ಮೆಂಟ್ ಆಫೀಸಿಗೆ ಹೋಗಿ ಲೀಸ್ ಅಡೆಂಡಮ್ ಮಾಡಿಸಿ. ಬರೀ ‘ಆಕ್ಯುಪೆಂಟ್’ ಅಂತ ಸೇರಿಸ್ತೀವಿ ಅಂತಾರೆ, ಅದು ಮಕ್ಕಳನ್ನ ಸೇರಿಸೋ ಜಾಗ. ‘ಲೀಸ್‌ಹೋಲ್ಡರ್’ ಅಥವಾ ‘ಕೋ-ಟೆನೆಂಟ್’ ಅಂತ ಸೇರಿಸಿ ಅವರ ಸಹಿಯನ್ನೂ ಹಾಕಿಸಿ. ಎಸ್‌ಎಸ್‌ಎನ್ ಕೇಳಿದ್ರೆ ಪಾಸ್‌ಪೋರ್ಟ್, ಐ-94 ಕೊಡಿ. ರೆಂಟರ್ಸ್ ಇನ್ಶೂರೆನ್ಸ್‌ಗೆ ಹೆಸರು ಸೇರಿಸೋಕೆ ಐದು ನಿಮಿಷ ಸಾಕು, ಅದರ ಡಿಕ್ಲರೇಷನ್ ಪುಟ ಡಿಪಿಎಸ್‌ಗೆ ನಡೆಯುತ್ತೆ. ನಿಮ್ಮ ಬ್ಯಾಂಕ್ ಶಾಖೆಗೆ ಇಬ್ಬರೂ ಹೋಗಿ ಅಕೌಂಟನ್ನ ಜಾಯಿಂಟ್ ಮಾಡಿಸಿ. ಎಸ್‌ಎಸ್‌ಎನ್ ಇಲ್ಲದವರನ್ನ ಆನ್‌ಲೈನ್ ಅರ್ಜಿ ಒಳಗೇ ಬಿಡಲ್ಲ, ಶಾಖೆಯಲ್ಲಾದ್ರೆ ಪಾಸ್‌ಪೋರ್ಟ್ ಮೇಲೆ ಮಾಡ್ತಾರೆ. ಒಂದು ಶಾಖೆ ಆಗಲ್ಲ ಅಂದ್ರೆ ಅದೇ ಬ್ಯಾಂಕಿನ ಇನ್ನೊಂದು ಶಾಖೆಗೆ ಹೋಗಿ. ಸ್ಟೇಟ್‌ಮೆಂಟಲ್ಲಿ ಎರಡೂ ಹೆಸರು, ಅಪಾರ್ಟ್‌ಮೆಂಟ್ ನಂಬರ್ ಸಮೇತ ವಿಳಾಸ ಬಂದಿದೆಯಾ ನೋಡಿಕೊಂಡು ಪ್ರಿಂಟ್ ತೆಗೆಯಿರಿ. ಫೋನಲ್ಲಿ ತೋರಿಸ್ತೀನಿ ಅಂದ್ರೆ ನಡೆಯಲ್ಲ.

ಇಷ್ಟೆಲ್ಲಾ ಆಗದಿದ್ರೂ ದಾರಿ ಇದೆ. ಡಿಎಲ್-5 ಅಂತ ರೆಸಿಡೆನ್ಸಿ ಅಫಿಡವಿಟ್ ಫಾರಂ ಬರುತ್ತೆ. ನೀವು ಜೊತೆಗೆ ಹೋಗಬೇಕು. ನಿಮ್ಮ ಟೆಕ್ಸಸ್ ಲೈಸೆನ್ಸ್, ನಿಮ್ಮ ಎರಡು ವಿಳಾಸದ ಪುರಾವೆ, ಮದುವೆ ಪ್ರಮಾಣಪತ್ರ ತಗೊಂಡು. ಇವಳು ನನ್ನ ಜೊತೆ ಇದೇ ಮನೇಲಿ ಇದ್ದಾಳೆ ಅಂತ ನೀವು ಬರೆದುಕೊಡೋದು ಅಷ್ಟೆ. ಎಚ್-4 ಮನೆಗಳಿಗೆ ಇದು ಹೇಳಿ ಮಾಡಿಸಿದ ಫಾರಂ, ಆದ್ರೂ ಯಾರೂ ಬಳಸಲ್ಲ.

ಎಸ್‌ಎಸ್‌ಎನ್ ವಿಷಯ: ಇಎಡಿ (ಕೆಲಸದ ಪರವಾನಗಿ ಕಾರ್ಡ್) ಇಲ್ಲದ ಎಚ್-4ಗೆ ಸಿಗಲ್ಲ, ನಿಜ. ಲೈಸೆನ್ಸ್‌ಗೋಸ್ಕರ ನಂಬರ್ ಕೊಡೋದನ್ನ ಸೋಷಿಯಲ್ ಸೆಕ್ಯುರಿಟಿಯವರು ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಆದ್ರೆ ಟೆಕ್ಸಸ್‌ನಲ್ಲಿ ಅದು ಅಡ್ಡಿಯಲ್ಲ. ನಂಗೆ ಎಸ್‌ಎಸ್‌ಎನ್ ಕೊಟ್ಟೇ ಇಲ್ಲ ಅಂತ ಡಿಪಿಎಸ್ ಕೌಂಟರಲ್ಲೇ ಒಂದು ಅಫಿಡವಿಟ್‌ಗೆ ಸಹಿ ಹಾಕ್ತಾರೆ, ಮುಗೀತು. ಕೆಲವು ರಾಜ್ಯಗಳಲ್ಲಿ ಮಾತ್ರ ಎಸ್‌ಎಸ್‌ಎ-ಎಲ್676 ಅನ್ನೋ ನಿರಾಕರಣೆ ಪತ್ರ ಬೇಕು. ಅಂಥಲ್ಲಿ ಸೋಷಿಯಲ್ ಸೆಕ್ಯುರಿಟಿ ಆಫೀಸಲ್ಲಿ ಅಪಾಯಿಂಟ್‌ಮೆಂಟ್ ತಗೊಂಡು, ಎಸ್‌ಎಸ್-5 (ಎಸ್‌ಎಸ್‌ಎನ್ ಅರ್ಜಿ) ತುಂಬಿಕೊಟ್ಟು, ‘ಲೈಸೆನ್ಸ್‌ಗೆ ಬೇಕು, ನಿರಾಕರಣೆ ಬರವಣಿಗೆಯಲ್ಲಿ ಕೊಡಿ’ ಅಂತಲೇ ಕೇಳಬೇಕು. ‘ನಿಮಗೆ ಅರ್ಹತೆ ಇಲ್ಲ’ ಅಂತ ಬಾಯಲ್ಲಿ ಹೇಳಿ ಕಳಿಸಿದ್ರೆ ಏನೂ ಉಪಯೋಗವಿಲ್ಲ. ಪತ್ರ ಹಳತಾದ್ರೂ ಕೆಲವು ಕಡೆ ಒಪ್ಪಲ್ಲ, ಲೈಸೆನ್ಸ್ ಅಪಾಯಿಂಟ್‌ಮೆಂಟಿನ ಹತ್ತಿರಕ್ಕೆ ತಗೊಳ್ಳೋದು ಒಳ್ಳೇದು.

ಡಿಪಿಎಸ್ ದಿನ ಕೈಲಿರಬೇಕಾದ್ದು: ಪಾಸ್‌ಪೋರ್ಟ್ (ವೀಸಾ ಹಳೇದರಲ್ಲಿದ್ರೆ ಎರಡೂ), ಐ-94 ಪ್ರಿಂಟ್, ವಿಳಾಸದ ಎರಡು ಕಾಗದ, ಮದುವೆ ಪ್ರಮಾಣಪತ್ರ, ನಿಮ್ಮ ಐ-797ರ ಪ್ರತಿ. ಕೊನೇದು ಕೇಳ್ತಾರೆ ಅಂತಲ್ಲ, ಸ್ಟೇಟಸ್ ಬಗ್ಗೆ ಕೌಂಟರಲ್ಲಿ ಗೊಂದಲ ಆದ್ರೆ ಇರಲಿ ಅಂತ. ಫೋಟೊ, ಹೆಬ್ಬೆಟ್ಟು, ಕಣ್ಣಿನ ಪರೀಕ್ಷೆ ಅಲ್ಲೇ. ಲೈಸೆನ್ಸ್‌ಗೆ 33 ಡಾಲರ್, ಬರೀ ಐಡಿ ಕಾರ್ಡ್‌ಗೆ 16. ಎರಡೂ ಒಟ್ಟಿಗೆ ಇಟ್ಟುಕೊಳ್ಳೋ ಹಾಗಿಲ್ಲ. ನಿಮ್ಮವರಿಗೆ ಡ್ರೈವಿಂಗ್ ಬರುತ್ತೆ ಅಂದಮೇಲೆ ಐಡಿ ಕಾರ್ಡ್‌ಗೆ ದುಡ್ಡು ಹಾಕಬೇಡಿ. ಲಿಖಿತ ಪರೀಕ್ಷೆ ಪಾಸಾದ್ರೆ ಲರ್ನರ್ ಕಾರ್ಡ್ ಬರುತ್ತೆ, ಅದೂ ಫೋಟೊ ಐಡಿಯೇ.

ಪರೀಕ್ಷೆ 30 ಪ್ರಶ್ನೆ, 70 ಶೇಕಡಾ ಬೇಕು. ಭಾರತದ ಲೈಸೆನ್ಸ್ ನೋಡಿ ರಸ್ತೆ ಪರೀಕ್ಷೆ ಬಿಡಲ್ಲ. ಆ ಸೌಲಭ್ಯ ಕೆನಡಾ, ಜರ್ಮನಿ, ಫ್ರಾನ್ಸ್, ದಕ್ಷಿಣ ಕೊರಿಯಾ ಥರದ ಬೆರಳೆಣಿಕೆ ದೇಶಗಳಿಗಷ್ಟೆ. 18ರಿಂದ 24ರವರಿಗೆ ಆರು ಗಂಟೆ ಕೋರ್ಸ್ ಕಡ್ಡಾಯ, 25 ದಾಟಿದ್ರೆ ಬೇಡ. ರಸ್ತೆ ಪರೀಕ್ಷೆಗೆ ಮೊದಲು ಒಂದು ಗಂಟೆಯ ‘ಇಂಪ್ಯಾಕ್ಟ್ ಟೆಕ್ಸಸ್’ ವಿಡಿಯೋ ಮಾತ್ರ ನೋಡಲೇಬೇಕು. ಅದರ ಸರ್ಟಿಫಿಕೇಟ್ 90 ದಿನಕ್ಕೆ ಸಾಯುತ್ತೆ, ತುಂಬಾ ಮೊದಲೇ ನೋಡಿ ಕೂರಬೇಡಿ. ಹೊಸದಾಗಿ ನೆಲೆಸಿದವರು ಊರಿನ ಲೈಸೆನ್ಸಲ್ಲಿ 90 ದಿನ ಓಡಿಸಬಹುದು, ಅಷ್ಟರಲ್ಲಿ ಟೆಕ್ಸಸ್‌ದು ಆಗಬೇಕು. ನಿಮ್ಮ ಕಾರ್ ಇನ್ಶೂರೆನ್ಸ್‌ಗೆ ಅವರ ಹೆಸರನ್ನ ಮೊದಲ ದಿನವೇ ಸೇರಿಸಿ.

ಇನ್ನು ‘ಸೇವ್’. ಯುಎಸ್‌ಸಿಐಎಸ್ (ವಲಸೆ ಇಲಾಖೆ) ನಡೆಸೋ ವ್ಯವಸ್ಥೆ, ಡಿಪಿಎಸ್ ನಿಮ್ಮ ಸ್ಟೇಟಸ್ ಪರಿಶೀಲಿಸೋದು ಅದರಲ್ಲಿ. ಹೆಸರು, ಹುಟ್ಟಿದ ದಿನ, ಐ-94 ನಂಬರ್ ಹಾಕಿದ್ರೆ ಬಹಳ ಸಲ ಅಲ್ಲೇ ಉತ್ತರ ಬರುತ್ತೆ. ಬರದಿದ್ರೆ ‘ಹೆಚ್ಚುವರಿ ಪರಿಶೀಲನೆ’ಗೆ ಹೋಗುತ್ತೆ, ಆಗ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ. ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ಬಂದು ಇನ್ನೂ ಹತ್ತು ದಿನವೂ ಆಗದೆ ದಾಖಲೆ ಅಲ್ಲಿಗೆ ತಲುಪಿಲ್ಲ; ಹೆಸರನ್ನ ಐ-94ರಲ್ಲಿ ಇದ್ದಂತೆ ಹಾಕಿಲ್ಲ; ಇಲ್ಲಾ ನಂಬರ್ ತಪ್ಪಾಗಿ ಕುಟ್ಟಿದ್ದಾರೆ. ಈಗಿನ ಐ-94 ನಂಬರ್‌ನಲ್ಲಿ ಮೊದಲ ಒಂಬತ್ತು ಅಂಕಿ, ಹತ್ತನೇದು ಅಕ್ಷರ, ಹನ್ನೊಂದನೇದು ಮತ್ತೆ ಅಂಕಿ. ಮೊದಲ ಒಂಬತ್ತರಲ್ಲಿ ದುಂಡಗೆ ಏನು ಕಂಡ್ರೂ ಅದು ಸೊನ್ನೆಯೇ, ‘ಓ’ ಅಲ್ಲ. ಕೌಂಟರಿನವರು ಕುಟ್ಟುವಾಗ ಜೋರಾಗಿ ಓದಿ ಹೇಳಿ. ಸಿಕ್ಕಿಹಾಕಿಕೊಂಡ್ರೆ ಕೇಸ್ ನಂಬರ್ ಬರೆಸಿಕೊಂಡು ಬನ್ನಿ, ‘ಸೇವ್ ಕೇಸ್‌ಚೆಕ್’ ಪುಟದಲ್ಲಿ ಮನೆಯಿಂದಲೇ ನೋಡಬಹುದು.

ಕಾರ್ಡ್ ಮೇಲೆ ‘ಲಿಮಿಟೆಡ್ ಟರ್ಮ್’ ಅಂತ ಬರುತ್ತೆ, ಐ-94 ಮುಗಿಯೋ ದಿನವೇ ಅದೂ ಮುಗಿಯುತ್ತೆ. ನಕ್ಷತ್ರ ಇದ್ದರೆ ರಿಯಲ್ ಐಡಿ. 2025ರ ಮೇ 7ರಿಂದ ದೇಶದೊಳಗಿನ ವಿಮಾನಕ್ಕೆ ಅದು ಬೇಕು ಅಂತ ಹೆದರಿಸ್ತಾರಲ್ಲ, ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅದೇ ಸಾಕು.

ಕೊನೇದಾಗಿ, ಮಿಕ್ಕಿದ್ದು ಮರೆತ್ರೂ ಇದನ್ನ ಮರೀಬೇಡಿ. ಅರ್ಜಿಯಲ್ಲಿ ‘ನೀವು ಅಮೆರಿಕದ ಪ್ರಜೆಯೇ’, ‘ಮತದಾರರಾಗಿ ನೋಂದಾಯಿಸಬೇಕೇ’ ಅಂತ ಎರಡು ಪ್ರಶ್ನೆ ಇರುತ್ತೆ. ಎರಡಕ್ಕೂ ಇಲ್ಲ. ಹೊಸದಾಗಿ ಬಂದವರು ಗಡಿಬಿಡಿಯಲ್ಲಿ ಎಲ್ಲದಕ್ಕೂ ಯೆಸ್ ಒತ್ತುತ್ತಾರೆ, ಇಲ್ಲಾ ಕೌಂಟರಿನವರು ಕೇಳಿದ್ದು ಅರ್ಥವಾಗದೆ ತಲೆ ಆಡಿಸ್ತಾರೆ. ಪ್ರಜೆ ಅಲ್ಲದವರು ಪ್ರಜೆ ಅಂತ ಹೇಳಿಕೊಂಡದ್ದು ದಾಖಲೆಯಾದ್ರೆ ಮುಂದೆ ಗ್ರೀನ್ ಕಾರ್ಡ್ ಪೂರ್ತಿ ಮುಳುಗಬಹುದು, ಗೊತ್ತಿಲ್ಲದೆ ಆಯ್ತು ಅನ್ನೋ ಸಮಜಾಯಿಷಿ ಅಲ್ಲಿ ಸುಲಭವಾಗಿ ನಡೆಯಲ್ಲ. ಸಹಿ ಹಾಕೋ ಮೊದಲು ಪರದೆ ಮೇಲಿನ ಸಾರಾಂಶ ನಿಧಾನವಾಗಿ ಓದಿಸಿ. ಅಂಗದಾನದ ಪ್ರಶ್ನೆಗೆ ಮಾತ್ರ ಅವರಿಷ್ಟ.

ಗೋಕುಲರೋಡ್

ಹೆಸರಿನ ಬಗ್ಗೆ ನಾ ಹೇಳ್ತೀನ್ರಿ. ಈ ಎಫ್‌ಎನ್‌ಯು ಅಂದ್ರ ‘ಫಸ್ಟ್ ನೇಮ್ ಅನ್‌ನೋನ್’. ಪಾಸ್‌ಪೋರ್ಟ್‌ನ್ಯಾಗ ಸರ್‌ನೇಮ್ ಖಾಲಿ ಇದ್ರ ವೀಸಾ ಕೊಡೋರು ಇದ್ದ ಹೆಸರಷ್ಟೂ ಸರ್‌ನೇಮಿಗೆ ಹಾಕಿ ಗಿವನ್ ನೇಮಿಗೆ ಎಫ್‌ಎನ್‌ಯು ತುಂಬತಾರ. ನಮ್ಮ ಕಡೆ ಇನಿಶಿಯಲ್ ಪದ್ಧತಿಯೊಳಗ ಬೆಳದವ್ರಿಗೆ ಇದು ಕಾಯಂ ಗೋಳು: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ್ಯಾಗ ‘ಸುಮಾ ಕೆ’ ಇರ್ತದ, ಪಾಸ್‌ಪೋರ್ಟಿಗೆ ‘ಕೆ’ ಬಿಡಿಸಿ ಅಪ್ಪನ ಹೆಸರು ಬರೀತಾರ, ಅದನ್ನ ಸರ್‌ನೇಮ್ ಡಬ್ಬಿಗೆ ಹಾಕೋದು ಬಿಟ್ಟು ಗಿವನ್ ನೇಮಿನ್ಯಾಗ ಜೋಡಸ್ತಾರ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಈಗ ಮುಟ್ಟಬ್ಯಾಡ್ರಿ. ವೀಸಾ ಎಫ್‌ಎನ್‌ಯು ಅಂತ ಛಾಪಾ ಆಗೇದ. ತಿಂಗಳದಾಗ ಹೊರಡೋರು ಪಾಸ್‌ಪೋರ್ಟಿನ ಹೆಸರು ಒಡದು ಹೊಸಾದು ಮಾಡಿಸಿದ್ರ ವೀಸಾದ ಹೆಸರು ಒಂದು, ಪಾಸ್‌ಪೋರ್ಟಿನ ಹೆಸರು ಒಂದು. ಐ-94 ಯಾವ್ದರ ಪ್ರಕಾರ ಬರ್ತದ ಅನ್ನೋದು ಆ ದಿನದ ಅಧಿಕಾರಿ ಮ್ಯಾಲ. ಇದ್ದದ್ದನ್ನ ಇದ್ದಂಗ ಇಟ್ಟು ಬರ್ರಿ, ಇಲ್ಲಿ ಎಲ್ಲಾ ಕಡೆ ಐ-94ರೊಳಗ ಇದ್ದ ಹೆಸರನ್ನೇ ಬಳಸ್ರಿ: ಲೀಸು, ಬ್ಯಾಂಕು, ಇನ್ಶೂರೆನ್ಸು. ಲೈಸೆನ್ಸ್ ಮ್ಯಾಲ ಎಫ್‌ಎನ್‌ಯು ಅಂತ ಬರಬಹುದು, ನೋಡಾಕ ಚಂದ ಇಲ್ಲ, ಆದ್ರ ಕೆಲಸಾ ನಡೀತದ. ಐ-94 ಹುಡುಕೂ ಮುಂದನೂ ಫಸ್ಟ್ ನೇಮಿಗೆ ಎಫ್‌ಎನ್‌ಯು, ಲಾಸ್ಟ್ ನೇಮಿಗೆ ಪೂರ್ತಿ ಹೆಸರು ಹಾಕ್ರಿ. ಸಿಗಲಿಲ್ಲಂದ್ರ ತಿರುಗಾ ಮುರುಗಾ ಮಾಡಿ ನೋಡ್ರಿ, ಆಗ್ಲೂ ಸಿಗಲಿಲ್ಲಂದ್ರ ಡಿಫರ್ಡ್ ಇನ್‌ಸ್ಪೆಕ್ಷನ್.

ಮುಂದಿನ ಸ್ಟಾಂಪಿಂಗ್‌ಗೆ ಊರಿಗೆ ಹೋಗೋದು ಇದ್ದೇ ಇರ್ತದಲ್ಲ, ಅದರ ಮೊದಲ ಪಾಸ್‌ಪೋರ್ಟ್ ರಿ-ಇಶ್ಯೂ ಮಾಡಿಸಿ ಸರ್‌ನೇಮ್ ಒಡಸ್ರಿ. ಇಲ್ಲಿಂದನೂ ಕಾನ್ಸುಲೇಟಿಗೆ ವಿಎಫ್‌ಎಸ್ ಮೂಲಕ ಅರ್ಜಿ ಹಾಕಬಹುದು. ಹೊಸಾ ಹೆಸರಿನ ಮ್ಯಾಲ ವೀಸಾ, ಆ ವೀಸಾದ ಮ್ಯಾಲ ಹೊಸಾ ಐ-94, ಆಮ್ಯಾಲ ಲೈಸೆನ್ಸ್ ತಿದ್ದುಪಡಿ. ಈ ಸಾಲು ತಪ್ಪಿಸಿ ನಡುವ ಲೈಸೆನ್ಸ್ ಒಂದನ್ನೇ ತಿದ್ದಾಕ ಹೋದ್ರ ‘ಸೇವ್’ನ್ಯಾಗ ಹೆಸರು ಕೂಡಂಗಿಲ್ಲ.

ಇನ್ನೊಂದು. ಮದುವಿ ಆದಮ್ಯಾಲ ಆಧಾರಿನ್ಯಾಗ ಗಂಡನ ಹೆಸರು ಸೇರಿಸಿರ್ತಾರ, ಪಾಸ್‌ಪೋರ್ಟಿನ್ಯಾಗ ಅಪ್ಪನ ಹೆಸರು ಇರ್ತದ. ಇಲ್ಲಿ ಆಧಾರ್, ಪ್ಯಾನ್ ಎರಡೂ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನ್ಯಾಗ ಸ್ಪೌಸ್ ಹೆಸರು ಹಾಕ್ಸಾಕ ಸರ್‌ನೇಮ್ ಬದಲಿ ಮಾಡೋ ಅಗತ್ಯನೂ ಇಲ್ಲ; ಎರಡೂ ಬ್ಯಾರೆ ಬ್ಯಾರೆ ಡಬ್ಬಿ.

ಡಿಎಫ್‌ಡಬ್ಲ್ಯು_ಕನ್ನಡಿಗ

ಗೋಕುಲರೋಡ್ ಹೇಳಿದ್ದು ಸರಿ. ಊರಿಂದ ತರೋ ಕಾಗದ ಬರೆಯೋದು ಬಿಟ್ಟುಹೋಗಿತ್ತು, ಇಲ್ಲಿದೆ.

ಮದುವೆ ಪ್ರಮಾಣಪತ್ರದ ಮೂಲ ಪ್ರತಿ, ಸಬ್‌ರಿಜಿಸ್ಟ್ರಾರ್ ಕಚೇರಿಯದು. ಛತ್ರದ ರಸೀದಿ, ದೇವಸ್ಥಾನದ ಪತ್ರ, ಲಗ್ನಪತ್ರಿಕೆ ಯಾವುದೂ ಇಲ್ಲಿ ನಡೆಯಲ್ಲ. ಒಂದು ಹೆಚ್ಚಿನ ದೃಢೀಕೃತ ನಕಲು ಈಗಲೇ ತೆಗೆಸಿ. ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಬೇಕು. ಯುಎಸ್‌ಸಿಐಎಸ್‌ಗೆ ಬೇಕಾದ್ದು ಇಷ್ಟೆ: ಅನುವಾದಕರು ‘ನನಗೆ ಎರಡೂ ಭಾಷೆ ಬರುತ್ತೆ, ಅನುವಾದ ಪೂರ್ಣ ಹಾಗೂ ಸರಿಯಾಗಿದೆ’ ಅಂತ ಬರೆದು ಹೆಸರು, ವಿಳಾಸ, ದಿನಾಂಕ ಹಾಕಿ ಸಹಿ ಮಾಡೋದು. ನೋಟರಿ ಬೇಡ. ಅಪೊಸ್ಟೈಲ್ ಕೂಡ ಬೇಡ. ಏಜೆಂಟರು ಸಾವಿರಗಟ್ಟಲೆ ಕಿತ್ತು ಮಾಡಿಸೋ ಆ ಮುದ್ರೆಯನ್ನ ಎಚ್-4 ವ್ಯವಹಾರದಲ್ಲಿ ಇಲ್ಲಿ ಕೇಳೋರಿಲ್ಲ.

ಜನನ ಪ್ರಮಾಣಪತ್ರ ಈಗ ಬೇಕಾಗಲ್ಲ, ಗ್ರೀನ್ ಕಾರ್ಡ್ ಹೊತ್ತಿಗೆ ಬೇಕು. ನಮ್ಮಲ್ಲಿ ಹಳೇ ನೋಂದಣಿಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರೋದೇ ಹೆಚ್ಚು. ಹೆರಿಗೆ ಆದ ಮೇಲೆ ಆಸ್ಪತ್ರೆಯವರು ‘ಹೆಣ್ಣು ಮಗು’ ಅಂತ ಬರೆಸಿ ಬಿಟ್ಟಿರ್ತಾರೆ. ಹೆಸರು ಸೇರಿಸೋದು, ನೋಂದಣಿಯೇ ಇಲ್ಲದಿದ್ರೆ ಅಲಭ್ಯ ಪ್ರಮಾಣಪತ್ರ ತೆಗೆಸೋದು, ಎರಡಕ್ಕೂ ಊರಲ್ಲಿ ಕಚೇರಿಗೆ ಹೋಗಬೇಕು. ಅವರು ಹೊರಡೋ ಮೊದಲೇ ಒಮ್ಮೆ ತೆಗೆದು ನೋಡಲಿ. ಅಪ್ಪ ಅಮ್ಮನ ಹೆಸರಿನ ಸ್ಪೆಲಿಂಗ್ ಪಾಸ್‌ಪೋರ್ಟ್‌ಗೆ ಹೊಂದುತ್ತಾ ಅದನ್ನೂ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟು ಆರ್‌ಟಿಓದಲ್ಲಿ ಸಾರಥಿ ಪೋರ್ಟಲ್ ಮೂಲಕ, ಸರ್ಕಾರಿ ಫೀ 1,000 ರೂಪಾಯಿ, ಒಂದು ವರ್ಷದ ಅವಧಿ. ಅದು ಲೈಸೆನ್ಸಲ್ಲ, ಲೈಸೆನ್ಸಿನ ಅನುವಾದ. ಮೂಲ ಕಾರ್ಡ್ ಮನೆಯಲ್ಲಿ ಬಿಟ್ಟು ಅದೊಂದನ್ನೇ ತಂದರೆ ಪ್ರಯೋಜನವಿಲ್ಲ. ಇವೆಲ್ಲಾ ಕೈಚೀಲದಲ್ಲಿ ಬರಲಿ, ಚೆಕ್-ಇನ್ ಸೂಟ್‌ಕೇಸಲ್ಲಲ್ಲ.

ಲೆಕ್ಕದಮನೆ

ಐಟಿಐಎನ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಈಗ ಅರ್ಜಿ ಹಾಕಬೇಡಿ, ತಗೊಳ್ಳಲ್ಲ. ಡಬ್ಲ್ಯು-7 ಫಾರಂ (ಐಟಿಐಎನ್ ಅರ್ಜಿ) ಟ್ಯಾಕ್ಸ್ ರಿಟರ್ನ್ ಜೊತೆಗೇ ಹೋಗಬೇಕು; ವಿನಾಯಿತಿಗಳಿವೆ, ನಿಮಗೆ ಅನ್ವಯಿಸಲ್ಲ. ಅಂದ್ರೆ ಮುಂದಿನ ವರ್ಷದ ಫೈಲಿಂಗ್ ಸಮಯಕ್ಕೆ.

ಮೊದಲು ಜಾಯಿಂಟ್ ಆಗುತ್ತಾ ಅನ್ನೋದು. ಅವರು ವರ್ಷದ ಕೊನೆಗೆ ಬಂದರೆ ದಿನದ ಲೆಕ್ಕದಲ್ಲಿ ಟ್ಯಾಕ್ಸ್ ರೆಸಿಡೆಂಟ್ ಆಗಲ್ಲ. ಆದ್ರೂ ನೀವು ರೆಸಿಡೆಂಟ್ ಆಗಿದ್ರೆ, ಡಿಸೆಂಬರ್ 31ಕ್ಕೆ ಮದುವೆ ಆಗಿರೋರು, ಇಬ್ಬರನ್ನೂ ಇಡೀ ವರ್ಷ ರೆಸಿಡೆಂಟ್ ಅಂತ ಪರಿಗಣಿಸಿ ಅಂತ ಆಯ್ಕೆ ಮಾಡಬಹುದು. 6013(ಜಿ) ಅಂತಾರೆ. ಅದಕ್ಕೆ ಒಂದು ಹೇಳಿಕೆ ಬರೆದು ಇಬ್ಬರೂ ಸಹಿ ಹಾಕಿ ರಿಟರ್ನ್‌ಗೆ ಲಗತ್ತಿಸಬೇಕು. ಇದರ ಬೆಲೆ ಏನಂದ್ರೆ ಆ ವರ್ಷ ಊರಲ್ಲಿ ಅವರು ದುಡಿದ ಸಂಬಳ, ಎಫ್‌ಡಿ ಬಡ್ಡಿ, ಬಾಡಿಗೆ, ಎಲ್ಲಾ ಇಲ್ಲಿ ತೋರಿಸಬೇಕು. ಕೆಲಸ ಬಿಟ್ಟು ಬರ್ತಿದ್ರೆ ಫಾರಂ 16, ಬ್ಯಾಂಕ್ ಬಡ್ಡಿ ಸರ್ಟಿಫಿಕೇಟು ಹೊರಡೋ ಮುಂಚೆಯೇ ತೆಗೆದಿಡಲಿ. ಅಲ್ಲಿನ ಸಂಬಳ ದೊಡ್ಡದಿದ್ರೆ ಜಾಯಿಂಟ್ ಲಾಭವೋ ಬೇರೆ ಬೇರೆ ಲಾಭವೋ ಕೂತು ಲೆಕ್ಕ ಹಾಕಿ. ಎಲ್ಲರಿಗೂ ಜಾಯಿಂಟೇ ಒಳ್ಳೇದು ಅನ್ನೋದು ಸುಳ್ಳು.

ಡಬ್ಲ್ಯು-7ರಲ್ಲಿ ಕಾರಣದ ಡಬ್ಬಿ ‘ಇ’, ಅಂದ್ರೆ ಸಂಗಾತಿ. ‘ಡಿ’ ಅವಲಂಬಿತರದು, ಹೆಂಡತಿಗೆ ಅದನ್ನ ಟಿಕ್ ಮಾಡಿ ವಾಪಸ್ ಬರಿಸಿಕೊಳ್ಳೋರು ಪ್ರತಿ ವರ್ಷ ಇದ್ದಾರೆ. ಹೆಸರು ಪಾಸ್‌ಪೋರ್ಟ್‌ನಂತೆ. ವೀಸಾದ ವಿಧ, ನಂಬರ್, ಮುಗಿಯೋ ದಿನ ಹಾಕಿ, ದೇಶಕ್ಕೆ ಬಂದ ದಿನಾಂಕ ಐ-94 ಇತಿಹಾಸ ನೋಡಿ ಬರೆಯಿರಿ. 1040ರಲ್ಲಿ (ಟ್ಯಾಕ್ಸ್ ರಿಟರ್ನ್ ಫಾರಂ) ಅವರ ಎಸ್‌ಎಸ್‌ಎನ್ ಜಾಗ ಖಾಲಿ ಬಿಡಿ. ಸೊನ್ನೆ ತುಂಬೋದು, ನಿಮ್ಮದೇ ನಂಬರ್ ಹಾಕೋದು ಬೇಡ. ಮೇಲೆ ಡಬ್ಲ್ಯು-7, ಅದರಡಿ ರಿಟರ್ನ್, ಕಾಗದದಲ್ಲಿ ಆಸ್ಟಿನ್‌ನ ಐಟಿಐಎನ್ ವಿಭಾಗಕ್ಕೆ. ರಿಟರ್ನ್, ಡಬ್ಲ್ಯು-7, ಹೇಳಿಕೆ ಮೂರರಲ್ಲೂ ಅವರ ಸಹಿ ಬೇಕು.

ಪಾಸ್‌ಪೋರ್ಟ್ ತೋರಿಸೋದಕ್ಕೆ ಮೂರು ದಾರಿ. ಮೂಲ ಪ್ರತಿಯನ್ನೇ ಅಂಚೆಯಲ್ಲಿ ಕಳಿಸೋದು. ವಾಪಸ್ ಬರೋಕೆ ಎರಡು ತಿಂಗಳು ಹಿಡಿಯಬಹುದು, ಅಷ್ಟರಲ್ಲಿ ಊರಿಗೆ ತುರ್ತಾಗಿ ಹೋಗಬೇಕಾಗಿ ಬಂದ್ರೆ ಕಷ್ಟ. ಐಆರ್‌ಎಸ್‌ನ ಟ್ಯಾಕ್ಸ್‌ಪೇಯರ್ ಅಸಿಸ್ಟೆನ್ಸ್ ಸೆಂಟರ್‌ಗೆ ಅಪಾಯಿಂಟ್‌ಮೆಂಟ್ ತಗೊಂಡು ಹೋಗೋದು. ನೋಡಿ ಅಲ್ಲೇ ವಾಪಸ್ ಕೊಡ್ತಾರೆ, ಫೀಸಿಲ್ಲ, ಆದ್ರೆ ಎಲ್ಲಾ ಸೆಂಟರಲ್ಲೂ ಈ ಸೇವೆ ಇಲ್ಲ, ಫೋನಲ್ಲೇ ಕೇಳಿ. ಇಲ್ಲಾ ಸಿಎಎ ಅಂತ ಐಆರ್‌ಎಸ್ ಮಾನ್ಯತೆ ಪಡೆದ ಏಜೆಂಟ್. ಸಂಗಾತಿಯ ಪಾಸ್‌ಪೋರ್ಟನ್ನ ಅವರೇ ದೃಢೀಕರಿಸಬಹುದು, ಫೀ ಅವರವರ ಇಷ್ಟ. ನೋಟರಿ ಮಾಡಿಸಿದ ಜೆರಾಕ್ಸ್‌ಗೆ ಬೆಲೆಯಿಲ್ಲ. ಕಾನ್ಸುಲೇಟ್ ದೃಢೀಕರಿಸಿದ ಪ್ರತಿ ನಡೆಯುತ್ತೆ.

ಐಆರ್‌ಎಸ್ ಹೇಳೋ ಸಮಯ ಏಳು ವಾರ. ಜನವರಿ ಮಧ್ಯದಿಂದ ಏಪ್ರಿಲ್ ಕೊನೆವರೆಗೆ ಒಂಬತ್ತರಿಂದ ಹನ್ನೊಂದು. ರಿಫಂಡ್ ಅದಾದಮೇಲೆ. ಸತತ ಮೂರು ವರ್ಷ ಯಾವ ರಿಟರ್ನಲ್ಲೂ ಬಳಸದಿದ್ರೆ ನಂಬರ್ ಸತ್ತುಹೋಗುತ್ತೆ. 9ರಿಂದ ಶುರುವಾಗೋ ಈ ನಂಬರ್ ಟ್ಯಾಕ್ಸಿಗೆ ಮಾತ್ರ: ಕೆಲಸಕ್ಕಲ್ಲ, ಗುರುತಿಗಲ್ಲ, ಡಿಪಿಎಸ್‌ಗೂ ಬೇಡ. ಮುಂದೆ ನಿಮ್ಮ ಐ-140 ಆಗಿ ಅವರಿಗೆ ಇಎಡಿ ಬಂದರೆ, ಐ-765 ಅರ್ಜಿಯಲ್ಲೇ ಎಸ್‌ಎಸ್‌ಎನ್ ಕೂಡ ಬೇಕು ಅಂತ ಟಿಕ್ ಹಾಕೋ ಜಾಗ ಇದೆ, ಕಾರ್ಡ್ ಅಂಚೆಯಲ್ಲಿ ಬರುತ್ತೆ. ಆಗ ಐಟಿಐಎನ್ ಬಿಟ್ಟು, ಎರಡೂ ನಂಬರ್ ನನ್ನದೇ ಅಂತ ಐಆರ್‌ಎಸ್‌ಗೆ ಪತ್ರ ಬರೆಯಬೇಕು.

ಹಾಲಕ್ಕಿ_ಹಕ್ಕಿ

ಇದೇ ಥ್ರೆಡ್‌ನಲ್ಲಿ ಕೇಳ್ತೀನಿ: ಎಲ್-2ಗೂ (ಕಂಪನಿ ವರ್ಗಾವಣೆಯ ಎಲ್-1 ಉದ್ಯೋಗಿಯ ಸಂಗಾತಿಯ ವೀಸಾ) ಇದೇನಾ? ನಮ್ಮದು ಸ್ಯಾನ್ ಹೋಸೆ. ಹಾಗೇ ಪ್ರಜೆಯನ್ನ ಮದುವೆಯಾಗಿ ವಲಸೆ ವೀಸಾದಲ್ಲಿ ಬರೋರ ಕತೆ ಏನು, ತಂಗಿಯದು ಹಾಗೆ.

ಮಂಡ್ಯ_ಟು_ಮಿಲ್ಪಿಟಾಸ್

ಎಲ್-2 ಸಂಗಾತಿಗೆ ಸುಲಭ. 2021ರ ನವೆಂಬರ್‌ನಲ್ಲಿ ಕೋರ್ಟ್ ಕೇಸಿನ ರಾಜಿ ಒಪ್ಪಂದ ಆದಮೇಲೆ ಇಎಡಿ ಇಲ್ಲದೇನೆ ಕೆಲಸ ಮಾಡಬಹುದು. ಐ-94ರಲ್ಲಿ ಎಲ್-2ಎಸ್ ಅಂತ ಇದೆಯಾ ನೋಡಿ, ಆ ‘ಎಸ್’ ಇದ್ರೇನೆ ಎಲ್ಲಾ. ಬರೀ ಎಲ್-2 ಅಂತ ಬಂದಿದ್ರೆ ಡಿಫರ್ಡ್ ಇನ್‌ಸ್ಪೆಕ್ಷನ್‌ಗೆ ಹೋಗಿ ತಿದ್ದಿಸಿ. ಆಮೇಲೆ ಪಾಸ್‌ಪೋರ್ಟ್, ಐ-94, ಮದುವೆ ಪತ್ರ ಹಿಡಿದು ಸೋಷಿಯಲ್ ಸೆಕ್ಯುರಿಟಿ ಆಫೀಸ್. ಕೌಂಟರಿನವರು ಇಎಡಿ ಕೇಳಿದ್ರೆ ಎಲ್-2ಎಸ್ ಕೋಡ್ ತೋರಿಸಿ, ಮೇಲಿನವರನ್ನ ಕೇಳಿ ಅನ್ನಿ. ಕಾರ್ಡ್ ಮೇಲೆ ಡಿಎಚ್‌ಎಸ್ (ಗೃಹಭದ್ರತಾ ಇಲಾಖೆ) ಅನುಮತಿ ಇದ್ರೆ ಮಾತ್ರ ಕೆಲಸಕ್ಕೆ ಮಾನ್ಯ ಅಂತ ಇರುತ್ತೆ, ಗಾಬರಿ ಬೇಡ, ಹಾಗೇ ಬರೋದು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ 10 ದಿನದೊಳಗೆ ಲೈಸೆನ್ಸ್ ಆಗಬೇಕು, ಟೆಕ್ಸಸ್ ಥರ 90 ಅಲ್ಲ. ವಿಳಾಸಕ್ಕೆ ಗಂಡನ ಎರಡು ಕಾಗದ, ಜೊತೆಗೆ ಸಂಬಂಧ ತೋರಿಸೋ ಮದುವೆ ಪತ್ರ ಕೊಟ್ರೆ ಡಿಎಂವಿ ಒಪ್ಪುತ್ತೆ. ಬೇರೆ ರಾಜ್ಯದವರೂ ದಿನದ ಲೆಕ್ಕ ನೋಡ್ಕೊಳಿ: ವಾಷಿಂಗ್ಟನ್ 30, ನ್ಯೂಜೆರ್ಸಿ 60.

ತಂಗಿಯವರದ್ದು ಬೇರೆ ದಾರಿ. ಡಿಎಸ್-260 (ವಲಸೆ ವೀಸಾ ಅರ್ಜಿ) ತುಂಬುವಾಗ ಎಸ್‌ಎಸ್‌ಎನ್ ಬೇಕಾ ಅನ್ನೋದಕ್ಕೆ, ಮಾಹಿತಿ ಹಂಚಿಕೊಳ್ಳೋ ಒಪ್ಪಿಗೆಗೆ, ಎರಡಕ್ಕೂ ಯೆಸ್ ಅಂದಿರಬೇಕು. ಅಂದಿದ್ರೆ ಬಂದ ಸುಮಾರು ಮೂರು ವಾರದಲ್ಲಿ ಕಾರ್ಡ್ ಮನೆಗೆ. ಬರದಿದ್ರೆ ಪಾಸ್‌ಪೋರ್ಟ್ ಹಿಡಿದು ಆಫೀಸಿಗೆ. ಯುಎಸ್‌ಸಿಐಎಸ್ ಇಮಿಗ್ರೆಂಟ್ ಫೀ 2024ರ ಏಪ್ರಿಲ್‌ನಿಂದ 235 ಡಾಲರ್, ವೀಸಾ ಕೈಗೆ ಬಂದಮೇಲೆ ವಿಮಾನ ಹತ್ತೋ ಮೊದಲೇ ಕಟ್ಟಿ. ಕಟ್ಟೋವರೆಗೂ ಗ್ರೀನ್ ಕಾರ್ಡ್ ಅಚ್ಚಾಗಲ್ಲ. ಅಲ್ಲಿವರೆಗೆ ಪಾಸ್‌ಪೋರ್ಟಲ್ಲಿ ಮುದ್ರೆ ಬಿದ್ದ ವಲಸೆ ವೀಸಾನೇ ಒಂದು ವರ್ಷದ ತಾತ್ಕಾಲಿಕ ಗ್ರೀನ್ ಕಾರ್ಡ್, ಅದರ ಮೇಲೇನೆ ಹಾಗಂತ ಬರೆದಿರುತ್ತೆ. ಡಿಎಂವಿಯಲ್ಲಿ ಆ ಸಾಲನ್ನ ಬೆರಳಿಟ್ಟು ತೋರಿಸಿ. ಮದುವೆಯಾಗಿ ಎರಡು ವರ್ಷ ತುಂಬಿಲ್ಲದಿದ್ರೆ ಸಿಆರ್-1 (ಷರತ್ತಿನ ವಲಸೆ ವೀಸಾ), ಕಾರ್ಡ್ ಎರಡೇ ವರ್ಷ. ಮುಗಿಯೋ ದಿನಕ್ಕೆ ಹಿಂದಿನ 90 ದಿನದೊಳಗೆ ಐ-751 (ಆ ಷರತ್ತು ತೆಗೆಸೋ ಅರ್ಜಿ) ಹಾಕಬೇಕು.

ಸಂಪಿಗೆರಸ್ತೆ

ತುಂಬಾ ಉಪಕಾರ ಎಲ್ಲರಿಗೂ. ಪಾಸ್‌ಪೋರ್ಟ್ ಮುಟ್ಟಲ್ಲ, ಅಡೆಂಡಮ್‌ಗೆ ಇವತ್ತೇ ಆಫೀಸಿಗೆ ಮೇಲ್ ಹಾಕ್ದೆ. ಒಂದೇ ಪ್ರಶ್ನೆ ಉಳೀತು: ಲೈಸೆನ್ಸ್ ಅಂದೇ ಕೈಗೆ ಕೊಡ್ತಾರಾ, ಅಂಚೆಯಲ್ಲಾ? ಅಲ್ಲೀವರೆಗೆ ಐಡಿ ಏನು?

ಡಿಎಫ್‌ಡಬ್ಲ್ಯು_ಕನ್ನಡಿಗ

ಅಂಚೆಯಲ್ಲಿ. ಅಂದು ಕೊಡೋದು ತಾತ್ಕಾಲಿಕ ಕಾಗದ. ಗಾಡಿ ಓಡಿಸೋಕೆ ನಡೆಯುತ್ತೆ, ವಿಮಾನ ನಿಲ್ದಾಣದಲ್ಲಿ ನಡೆಯಲ್ಲ, ಅಲ್ಲಿ ಪಾಸ್‌ಪೋರ್ಟ್ ತೋರಿಸಲಿ. ಕಾರ್ಡ್ ಎರಡು ಮೂರು ವಾರದಲ್ಲಿ ಬರುತ್ತೆ, ಅಂಚೆಪೆಟ್ಟಿಗೆಯಲ್ಲಿ ಅವರ ಹೆಸರಿದ್ರೆ. ಅಪಾರ್ಟ್‌ಮೆಂಟ್‌ಗಳಲ್ಲಿ ಪೆಟ್ಟಿಗೆಯ ಒಳಬದಿಗೆ ಒಂದು ಚೀಟಿ ಅಂಟಿಸಿರ್ತಾರೆ, ಅಲ್ಲಿಲ್ಲದ ಹೆಸರಿಗೆ ಬಂದದ್ದನ್ನ ಅಂಚೆಯವರು ವಾಪಸ್ ಕಳಿಸ್ತಾರೆ. ಎಫ್‌ಎನ್‌ಯು ಹೆಸರಾದ್ರೆ ಕೇಳೋದೇ ಬೇಡ. ಕವರ್ ಮೇಲೆ ಹೇಗೆ ಬರುತ್ತೋ ಹಾಗೇ, ಎಫ್‌ಎನ್‌ಯು ಸಮೇತ, ನಿಮ್ಮ ಹೆಸರಿನ ಕೆಳಗೆ ಒಂದು ಚೀಟಿ ಅಂಟಿಸಿ. ಯುಎಸ್‌ಪಿಎಸ್‌ನ ಇನ್ಫಾರ್ಮ್ಡ್ ಡೆಲಿವರಿಗೆ ಸೇರಿಕೊಂಡ್ರೆ ಯಾವ ಕವರ್ ಬರ್ತಿದೆ ಅಂತ ಬೆಳಗ್ಗೆಯೇ ಚಿತ್ರ ಬರುತ್ತೆ, ಉಚಿತ. ಮನೆ ಬದಲಾಯಿಸಿದ್ರೆ 10 ದಿನದೊಳಗೆ ಎಆರ್-11 (ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸೋ ಫಾರಂ), ಇಬ್ಬರದ್ದೂ ಬೇರೆ ಬೇರೆ. ಡಿಪಿಎಸ್‌ನಲ್ಲಿ ವಿಳಾಸ ಬದಲಾಯಿಸೋದು ಅದಕ್ಕೆ ಸೇರಿಲ್ಲ, ಅದನ್ನ 30 ದಿನದೊಳಗೆ ಪ್ರತ್ಯೇಕವಾಗಿ ಮಾಡಬೇಕು.